ಹೊರದೇಶದ ಅಭಿವೃದ್ಧಿ ಕೆಲಸಕ್ಕೆ ಹೊರಡುವ ಯುವ ಇಂಜಿನಿಯರುಗಳು ಮಾಡಿಕೊಳ್ಳಬೇಕಾದ ಸಿದ್ಧತೆ

ಹಾಸನ, ಚಿಕ್ಕಮಗಳೂರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದು ಮುಗಿಸುವವರಲ್ಲಿ ಪ್ರತಿ ವರ್ಷ ನಾಲ್ಕೈದು ಮಂದಿಯಾದರೂ ನನ್ನನ್ನು ಹುಡುಕಿಕೊಂಡು ಬಂದು, ಆಫ್ರಿಕಾದಲ್ಲೋ ನೇಪಾಳದಲ್ಲೋ ಕುಡಿಯುವ ನೀರು, ಸೌರವಿದ್ಯುತ್ತು, ತೂಗುಸೇತುವೆಗಳ ಕೆಲಸಕ್ಕೆ ಸ್ವಯಂಸೇವಕರಾಗಿ ಹೋಗುವ ದಾರಿ ಯಾವುದೆಂದು ಕೇಳುತ್ತಾರೆ. ದಾರಿಗಳಿವೆ, ಅವುಗಳನ್ನು ಮುಂದೆ ಹೇಳುತ್ತೇನೆ. ಆದರೆ ಅರ್ಜಿ ತುಂಬುವ ಮೊದಲು ಒಂದು ವರ್ಷವನ್ನಾದರೂ ನಮ್ಮದೇ ಜಿಲ್ಲೆಯ ಹಳ್ಳಿಗಳಲ್ಲಿ ಕಳೆಯಬೇಕೆಂದು ನಾನು ಅವರನ್ನು ಒತ್ತಾಯಿಸುತ್ತೇನೆ. ಹಾಗೆ ಮಾಡದೆ ಹೊರಟವರು ಅಲ್ಲಿನ ಜನರಿಗೆ ಉಪಕಾರಕ್ಕಿಂತ ಹೊರೆಯಾಗುವುದೇ ಹೆಚ್ಚು. ಕಾಲೇಜಿನಲ್ಲಿ ನಾವು ಕಟ್ಟುವುದನ್ನು ಕಲಿಯುತ್ತೇವೆ. ಕಟ್ಟಿದ್ದು ಕೆಟ್ಟಾಗ ಅದನ್ನು ಯಾರು, ಯಾವ ಹಣದಲ್ಲಿ, ಎಲ್ಲಿಂದ ಬಿಡಿಭಾಗ ತಂದು ಸರಿಪಡಿಸುತ್ತಾರೆ ಎಂಬ ಪ್ರಶ್ನೆ ಯಾವ ಸೆಮಿಸ್ಟರಿನಲ್ಲೂ ಬರುವುದಿಲ್ಲ.

ನನಗೂ ಅದು ಹೊಳೆದಿರಲಿಲ್ಲ. ಅಂತಿಮ ವರ್ಷದ ಪ್ರಾಜೆಕ್ಟಿಗಾಗಿ ನಾವು ನಾಲ್ವರು ಸೇರಿ ಅರಸೀಕೆರೆ ತಾಲ್ಲೂಕಿನ ಒಂದು ಶಾಲೆಗೆ ಸೋಲಾರ್ ಪ್ಯಾನೆಲ್‌ನಿಂದ ನಡೆಯುವ ಸಣ್ಣ ಪಂಪನ್ನೂ ನೀರು ಸೋಸುವ ಘಟಕವನ್ನೂ ಹಾಕಿಕೊಟ್ಟಿದ್ದೆವು. ಎಂಟು ತಿಂಗಳ ನಂತರ ಹೋಗಿ ನೋಡಿದಾಗ ಟ್ಯಾಂಕಿನ ತಳದಲ್ಲಿ ಧೂಳು ಕೂತಿತ್ತು. ಚಾರ್ಜ್ ಕಂಟ್ರೋಲರಿನ ಮುಚ್ಚಳ ಬಿಚ್ಚಿದರೆ ಒಳಗಿನ ಗಾಜಿನ ಫ್ಯೂಸು ಕಪ್ಪಗಾಗಿತ್ತು. ಕೆಟ್ಟಿದ್ದು ಅಷ್ಟೇ, ಪೇಟೆಯ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲಾದರೂ ಹತ್ತು ರೂಪಾಯಿಗೆ ಸಿಗುವ ವಸ್ತು. ಬಿಸಿಯೂಟದ ಅಡುಗೆ ಮಾಡುತ್ತಿದ್ದ ತಾಯಿಯೊಬ್ಬರು ಮತ್ತೆ ಬೀದಿಯ ನಲ್ಲಿಯಿಂದಲೇ ಕೊಡ ಹೊತ್ತು ತರುತ್ತಿದ್ದರು. "ನೀವು ಹಾಕ್ಕೊಟ್ಟು ಹೋಗ್ತೀರ, ಕೆಟ್ರೆ ನಾವು ಯಾರ್ನ ಕೇಳನ ಸ್ವಾಮಿ?" ಎಂದು ಅವರು ಸಿಟ್ಟಿಲ್ಲದೆ ಕೇಳಿದರು. ವೈರಿಂಗ್ ನಕ್ಷೆಯನ್ನು ನಾವು ಅಚ್ಚುಕಟ್ಟಾಗಿ ಬರೆದಿದ್ದೆವು, ಆದರೆ ಅದು ಪ್ರಾಜೆಕ್ಟ್ ವರದಿಯೊಳಗೆ ಕಾಲೇಜಿನ ಕಪಾಟಿನಲ್ಲಿತ್ತು.

ಆದ್ದರಿಂದ ಆ ಒಂದು ವರ್ಷವನ್ನು ಕಟ್ಟುವುದಕ್ಕಲ್ಲ, ನಡೆಸುವುದನ್ನು ಕಲಿಯುವುದಕ್ಕೆ ಬಳಸಿಕೊಳ್ಳಿ. ಈ ಕಲಿಕೆಗೆ ನಮ್ಮಷ್ಟು ಅನುಕೂಲವಾದ ಸೀಮೆ ಸಿಗುವುದು ಅಪರೂಪ. ಸಕಲೇಶಪುರ, ಮೂಡಿಗೆರೆಗಳ ಕಡೆ ಮಳೆಯೂ ಇಳಿಜಾರೂ ತೊರೆಗಳೂ ಇದ್ದರೆ, ಅಲ್ಲಿಂದ ಒಂದೇ ದಿನದಲ್ಲಿ ಹೋಗಿಬರಬಹುದಾದ ಅರಸೀಕೆರೆ, ಕಡೂರುಗಳ ಕಡೆ ತೆಂಗಿನ ತೋಟಗಳ ನಡುವೆ ಕೊಳವೆಬಾವಿ ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುತ್ತಿದೆ. ಒಂದು ಗ್ರಾಮ ಪಂಚಾಯಿತಿಯ ಪಿಡಿಒ ಅವರನ್ನು ಕಂಡು ಅನುಮತಿ ಪಡೆದು, ಆ ಊರಿನ ನೀರಗಂಟಿಯ ಜೊತೆ ಕೆಲವು ತಿಂಗಳು ಬೆಳಿಗ್ಗೆ ಐದಕ್ಕೇ ಹೊರಡಿ. ಮೋಟಾರು ಎಷ್ಟು ಹೊತ್ತಿಗೆ ಶುರುವಾಗುತ್ತದೆ, ವೋಲ್ಟೇಜು ಇಳಿದಾಗ ಸ್ಟಾರ್ಟರ್ ಎಷ್ಟು ಸಲ ಟ್ರಿಪ್ ಆಗುತ್ತದೆ, ಯಾವ ವಾಲ್ವನ್ನು ಎಷ್ಟು ಸುತ್ತು ತಿರುಗಿಸಿದರೆ ಯಾವ ಕೇರಿಗೆ ನೀರು ಹೋಗುತ್ತದೆ, ಕೊನೆಗೆ ನೀರು ಸಿಗುವ ಕೇರಿ ಯಾರದ್ದು ಎಂಬುದನ್ನೆಲ್ಲ ದಿನವೂ ಬರೆದಿಟ್ಟುಕೊಳ್ಳಿ. ಕೊನೆಯ ಪ್ರಶ್ನೆಗೆ ಉತ್ತರ ಪೈಪಿನ ಮಟ್ಟದಲ್ಲಿ ಮಾತ್ರ ಇರುವುದಿಲ್ಲ. ಜಾತಿ, ಜಮೀನು, ಓಟುಗಳಲ್ಲೂ ಇರುತ್ತದೆ, ಮತ್ತು ಲೋಕದ ಯಾವ ಭಾಗಕ್ಕೆ ಹೋದರೂ ಇದೇ ಪ್ರಶ್ನೆ ಬೇರೆ ಹೆಸರಿನಲ್ಲಿ ನಿಮಗೆ ಎದುರಾಗುತ್ತದೆ. ನೀರಿನ ಕಂದಾಯ ಎಷ್ಟು ವಸೂಲಾಗುತ್ತದೆ, ಸುಟ್ಟ ಮೋಟಾರನ್ನು ಮತ್ತೆ ಕಾಯಿಲ್ ಕಟ್ಟಿಸಲು ಎಷ್ಟು ಖರ್ಚಾಗುತ್ತದೆ ಎಂಬ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಮರೆಯಬೇಡಿ.

ವಿದ್ಯುತ್ ವಿಷಯದಲ್ಲಿ ಆಸಕ್ತಿ ಇರುವವರು ಮಲೆನಾಡಿನ ಒಂಟಿಮನೆಗಳಿಗೆ ಹೋಗಬೇಕು. ಲೈನ್ ಬಾರದ ಕಣಿವೆಗಳಲ್ಲಿ ತೊರೆಯ ನೀರನ್ನು ಪೈಪಿನಲ್ಲಿಳಿಸಿ ಕಿರು ಟರ್ಬೈನ್ ತಿರುಗಿಸಿ ದೀಪ ಉರಿಸಿಕೊಳ್ಳುವ ಮನೆಗಳು ಅಲ್ಲಿವೆ. ಮಳೆಗಾಲದಲ್ಲಿ ಎಲೆ ಕಸ ಬಂದು ಜಾಲರಿಗೆ ಮೆತ್ತಿಕೊಂಡಾಗ ನಡುರಾತ್ರಿ ಟಾರ್ಚು ಹಿಡಿದು ಹೋಗಿ ಬಿಡಿಸುವವರು ಯಾರೆಂದು ಕೇಳಿ. ನೇಪಾಳದ ಬೆಟ್ಟಗಳ ಕಿರು ಜಲವಿದ್ಯುತ್ ಘಟಕಗಳಲ್ಲೂ ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಸಂಸ್ಥೆಯೊಂದರ ಆಸರೆಯಲ್ಲಿ ಈ ವರ್ಷವನ್ನು ಕಳೆಯಲು ಬಯಸುವವರಿಗೆ ಎಸ್‌ಬಿಐ ಯೂತ್ ಫಾರ್ ಇಂಡಿಯಾದ 13 ತಿಂಗಳ ಫೆಲೋಶಿಪ್ ಇದೆ. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಹಳ್ಳಿಮನೆಗಳಿಗೆ ಸೌರದೀಪ ತಲುಪಿಸಿದ ಸೆಲ್ಕೋದಂಥ ಕಂಪನಿಗಳಿವೆ. ಹಳ್ಳಿಯಲ್ಲಿ ನೆಲೆ ಮಾಡಿಕೊಂಡು ತಂತ್ರಜ್ಞಾನ ರೂಪಿಸುವ ಪರಂಪರೆ ನಮ್ಮಲ್ಲಿ ಹಳೆಯದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಘಟಕ ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಕೇಂದ್ರ ತೆರೆದು ಕೆಲಸ ಮಾಡಿತ್ತು. ಅಸ್ತ್ರ ಒಲೆಯ ಹೆಸರು ನಮ್ಮ ಹಳ್ಳಿಗಳ ಹಿರಿಯರಿಗೆ ಇಂದಿಗೂ ನೆನಪಿದೆ.

ಇಲ್ಲಿ ಕಲಿತದ್ದು ಅಲ್ಲಿಗೆ ಎಷ್ಟು ಅನ್ವಯಿಸುತ್ತದೆ, ಎಲ್ಲಿ ಅನ್ವಯಿಸುವುದಿಲ್ಲ ಎಂಬುದಕ್ಕೆ ನಮ್ಮ ಕೈಪಂಪಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಊರೂರಿನಲ್ಲಿ ಕಾಣುವ ಆ ಕಬ್ಬಿಣದ ಪಂಪಿನ ಹೆಸರು ಇಂಡಿಯಾ ಮಾರ್ಕ್ 2. 1970ರ ದಶಕದಲ್ಲಿ ಸೊಲ್ಲಾಪುರದ ಪಂಪೊಂದನ್ನು ಆಧಾರವಾಗಿಟ್ಟುಕೊಂಡು ಭಾರತ ಸರ್ಕಾರವೂ ಯುನಿಸೆಫ್ ಸಂಸ್ಥೆಯೂ ಸೇರಿ ಅದನ್ನು ರೂಪಿಸಿದವು, ಮುಂದೆ ಅದು ಆಫ್ರಿಕಾದ ಅನೇಕ ದೇಶಗಳಿಗೆ ಹೋಯಿತು. ಉಗಾಂಡಾದಲ್ಲಿ ಅದನ್ನು ಯು2 ಎಂದು ಕರೆಯುತ್ತಾರೆ. ಅಲ್ಲಿ ಕೆಲಸಕ್ಕಿದ್ದಾಗ ಕೆಟ್ಟುನಿಂತ ಒಂದು ಪಂಪನ್ನು ಎತ್ತಿಸಿದ್ದೆ. ಮೂರು ಮೀಟರಿನ ಜಿಐ (ಸತುವು ಲೇಪಿಸಿದ ಕಬ್ಬಿಣದ) ಪೈಪುಗಳನ್ನು ಒಂದೊಂದಾಗಿ ಬಿಚ್ಚಿ ಹುಲ್ಲಿನ ಮೇಲೆ ಸಾಲಾಗಿ ಮಲಗಿಸುತ್ತಿದ್ದಂತೆ, ನಾಲ್ಕನೆಯ ಪೈಪಿನ ತಿರುಪಿನ ಮರೆ ಇರುವ ತುದಿ ಕೈಯಲ್ಲೇ ಪುಡಿಯಾಗಿ ಉದುರಿತು, ಮೇಲಿನ ಪೈಪುಗಳ ಮೈಯಲ್ಲಿ ಬೆರಳು ತೂರುವಷ್ಟು ದೊಡ್ಡ ತೂತುಗಳಿದ್ದವು. ಬೆಳಗಿನ ಮೊದಲ ಕೊಡದ ನೀರು ಕೆಂಪಗೆ ಬರುತ್ತದೆಂದೂ ಅದರಲ್ಲಿ ಬೇಯಿಸಿದ ಊಟದ ಬಣ್ಣ ಕೆಡುತ್ತದೆಂದೂ ಆ ಊರಿನ ಹೆಂಗಸರು ಬಹಳ ಹಿಂದೆಯೇ ಹೇಳಿದ್ದರು, ಯಾರೂ ಬರೆದುಕೊಂಡಿರಲಿಲ್ಲ. ಅಂತರ್ಜಲದ ಪಿಎಚ್ 6.5ಕ್ಕಿಂತ ಕೆಳಗಿದ್ದರೆ ನೀರಿನ ಆಮ್ಲೀಯತೆಯು ಪೈಪಿನ ಸತುವಿನ ಲೇಪವನ್ನೂ ಆಮೇಲೆ ಕಬ್ಬಿಣವನ್ನೂ ತಿಂದುಹಾಕುತ್ತದೆ. ಈ ತೊಂದರೆ ವ್ಯಾಪಕವಾಗಿದ್ದರಿಂದ ಉಗಾಂಡಾ ಸರ್ಕಾರ 2016ರಲ್ಲಿ ಕೈಪಂಪುಗಳಿಗೆ ಜಿಐ ಪೈಪು ಬಳಸುವುದನ್ನೇ ತಡೆಹಿಡಿಯಿತು. ನಮ್ಮೂರಿನಲ್ಲಿ ಇಪ್ಪತ್ತು ವರ್ಷ ಬಾಳಿದ ಪೈಪು ಅಲ್ಲಿಯೂ ಬಾಳುತ್ತದೆಂದು ನೀರನ್ನು ಪರೀಕ್ಷಿಸದೆ ನಂಬುವುದು ತಪ್ಪು. ಹೋಗುವಾಗ ಚೀಲದಲ್ಲಿ ಪಿಎಚ್ ಪಟ್ಟಿಗಳನ್ನು ಇಟ್ಟುಕೊಳ್ಳಿ, ಹೆಂಗಸರು ನೀರಿನ ಬಣ್ಣದ ಬಗ್ಗೆ ಹೇಳಿದ್ದನ್ನು ಅದೇ ದಿನ ಬರೆದುಕೊಳ್ಳಿ.

ಪಂಪಿನ ವಿನ್ಯಾಸವನ್ನು ನೋಡುವಾಗಲೂ ದುರಸ್ತಿಯ ಕಡೆಯಿಂದಲೇ ನೋಡಬೇಕು. ಮಾರ್ಕ್ 2ರಲ್ಲಿ ಕೆಳಗಿನ ಸಿಲಿಂಡರಿನ ವಾಷರ್ ಬದಲಿಸಬೇಕಾದರೆ ಅಷ್ಟೂ ಪೈಪುಗಳನ್ನು ಮೇಲೆತ್ತಬೇಕು, ಅದಕ್ಕೆ ನಾಲ್ಕೈದು ಆಳುಗಳೂ ಸಲಕರಣೆಗಳೂ ಬೇಕು. ಮಾರ್ಕ್ 3ರಲ್ಲಿ ಪೈಪನ್ನು ಅಗಲ ಮಾಡಿರುವುದರಿಂದ ಅದರ ಒಳಗಿನಿಂದಲೇ ಪಿಸ್ಟನ್ ಎಳೆದುಕೊಳ್ಳಬಹುದು. ಇದಕ್ಕೆ ತದ್ವಿರುದ್ಧವಾದ ಪಾಠ ಪ್ಲೇಪಂಪಿನದು. ಮಕ್ಕಳು ಆಡುವ ತಿರುಗಣೆಯಿಂದ ನೀರೆತ್ತುವ ಈ ದಕ್ಷಿಣ ಆಫ್ರಿಕಾದ ಯಂತ್ರಕ್ಕೆ 2006ರಲ್ಲಿ ಅಮೆರಿಕದಿಂದ ಭಾರಿ ಹಣ ಹರಿದುಬಂತು. ಹೇಳಿಕೊಂಡಷ್ಟು ಜನರಿಗೆ ನೀರು ಕೊಡಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆಂದು 2009ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ಲೆಕ್ಕ ಹಾಕಿ ತೋರಿಸಿತು. ಅನೇಕ ಊರುಗಳಲ್ಲಿ ಕೊನೆಗೆ ಅದನ್ನು ಕೈಯಿಂದ ತಿರುಗಿಸಬೇಕಾದವರು ಹೆಂಗಸರು. ಆ ಗುಣಾಕಾರ ಭಾಗಾಕಾರವನ್ನು ಮೊದಲೇ ಮಾಡುವುದು ಇಂಜಿನಿಯರನ ಕೆಲಸವಾಗಿತ್ತು.

ಲೆಕ್ಕದ ಮಾತು ಬಂದದ್ದರಿಂದ, ಸಂದರ್ಶನಕ್ಕೆ ಹೋಗುವ ಮೊದಲು ಸ್ಫಿಯರ್ ಮಾನದಂಡಗಳನ್ನು ಚೆನ್ನಾಗಿ ಓದಿಕೊಳ್ಳಿ. ಯುದ್ಧ, ನೆರೆ, ಭೂಕಂಪಗಳಿಂದ ನೆಲೆ ತಪ್ಪಿದವರಿಗೆ ಕನಿಷ್ಠ ಎಷ್ಟು ಸೌಲಭ್ಯ ಸಿಗಬೇಕೆಂದು ಅವು ಹೇಳುತ್ತವೆ: ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು, 250 ಜನರಿಗೆ ಒಂದು ನಲ್ಲಿ, 20 ಜನರಿಗೆ ಒಂದು ಶೌಚಾಲಯ, ಮನೆಯಿಂದ 500 ಮೀಟರಿನೊಳಗೆ ನೀರು. 5,000 ಜನರ ಶಿಬಿರವೆಂದರೆ ದಿನಕ್ಕೆ 75,000 ಲೀಟರ್ ನೀರು, 20 ನಲ್ಲಿ, 250 ಶೌಚಾಲಯ. ನಲ್ಲಿಯೊಂದರಿಂದ ನಿಮಿಷಕ್ಕೆ 7.5 ಲೀಟರ್ ಬರುತ್ತದೆಂದು ಹಿಡಿದರೆ 250 ಜನರ ಪಾಲಿನ 3,750 ಲೀಟರ್ ತುಂಬಲು 500 ನಿಮಿಷ, ಅಂದರೆ ಎಂಟು ಗಂಟೆಗೂ ಹೆಚ್ಚು ಹೊತ್ತು ನಲ್ಲಿ ಬಿಡದೆ ಹರಿಯಬೇಕು. ಜಲಜೀವನ್ ಮಿಷನ್ ನಮ್ಮ ಹಳ್ಳಿಗಳಿಗೆ ಇಟ್ಟುಕೊಂಡಿರುವ ಗುರಿ ತಲೆಗೆ 55 ಲೀಟರ್ ಎಂಬುದನ್ನು ನೆನೆದರೆ ಆ 15 ಲೀಟರ್ ಎಷ್ಟು ಕಡಿಮೆ ಎಂಬುದು ಅರಿವಾಗುತ್ತದೆ. ಕಂಪ್ಯೂಟರ್ ತಂತ್ರಾಂಶಗಳಲ್ಲಿ ಪೈಪುಜಾಲದ ಲೆಕ್ಕಕ್ಕೆ ಇಪಿಎನೆಟ್, ನಕ್ಷೆಗೆ ಕ್ಯುಜಿಐಎಸ್, ಮನೆಮನೆ ಸಮೀಕ್ಷೆಗೆ ಕೋಬೊ ಟೂಲ್‌ಬಾಕ್ಸ್ ಕಲಿಯಿರಿ. ಮೂರಕ್ಕೂ ಕಾಸು ಕೊಡಬೇಕಾಗಿಲ್ಲ, ಮೂರನ್ನೂ ನೀವು ಓಡಾಡಿದ ಪಂಚಾಯಿತಿಯ ಮೇಲೆಯೇ ಪ್ರಯೋಗಿಸಿದರೆ ಅರ್ಜಿಯ ಜೊತೆ ಕಳಿಸಲು ಸ್ವಂತ ಕೆಲಸವೊಂದು ಸಿದ್ಧವಾಗುತ್ತದೆ.

ಇನ್ನು ದಾರಿಗಳು. ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮ, ಅಂದರೆ ಯುಎನ್‌ವಿ, 1970ರಲ್ಲಿ ಹುಟ್ಟಿದ್ದು, ಅದರ ಕೇಂದ್ರ ಜರ್ಮನಿಯ ಬಾನ್ ನಗರದಲ್ಲಿದೆ. ಭಾರತೀಯರಿಗೆ ನೇರವಾಗಿ ತೆರೆದಿರುವ ಬಾಗಿಲುಗಳಲ್ಲಿ ನಾನು ಮೊದಲು ಹೇಳುವುದು ಇದನ್ನೇ. 18ರಿಂದ 26 ವಯಸ್ಸಿನವರಿಗೆ ಯುವ ಸ್ವಯಂಸೇವಕ ಹುದ್ದೆಗಳು, 27 ತುಂಬಿದ ಅನುಭವಿಗಳಿಗೆ ತಜ್ಞ ಹುದ್ದೆಗಳು ಇರುತ್ತವೆ. ಸಂಬಳವಿಲ್ಲ, ಜೀವನಭತ್ಯೆ ಇದೆ. ಮನೆಯಲ್ಲೇ ಕೂತು ಮಾಡುವ ಆನ್‌ಲೈನ್ ಸ್ವಯಂಸೇವೆಯೂ ಉಂಟು, ನಕ್ಷೆ ಅಥವಾ ವಿನ್ಯಾಸದ ಕೆಲಸಕ್ಕೆ ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು. ವಿಪತ್ತು ಪರಿಹಾರದ ಕೆಲಸಕ್ಕೆ ಇಂಜಿನಿಯರುಗಳನ್ನು ತಯಾರು ಮಾಡಲೆಂದು 1980ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ರೆಡ್‌ಆರ್ ಸಂಸ್ಥೆಯ ಭಾರತದ ಶಾಖೆ ಪುಣೆಯಲ್ಲಿದ್ದು ತರಬೇತಿ ನೀಡುತ್ತದೆ. ಇಂಜಿನಿಯರ್ಸ್ ವಿತೌಟ್ ಬಾರ್ಡರ್ಸ್ ಹೆಸರಿನ ಸಂಘಟನೆಗಳು ಹಲವು ದೇಶಗಳಲ್ಲಿವೆ, ಭಾರತದಲ್ಲೂ ಇದೆ. ಅದರ ಕೆನಡಾ ಸಂಘಟನೆ 2008ರಿಂದ ತನ್ನ ಸೋಲುಗಳನ್ನೇ ವರದಿಯಾಗಿ ಪ್ರಕಟಿಸಿತು, ಆ ವರದಿಗಳನ್ನು ಹೊರಡುವ ಪ್ರತಿಯೊಬ್ಬರೂ ಓದಲೇಬೇಕು. ಅಮೆರಿಕದ ಪೀಸ್ ಕೋರ್‌ನಂಥ ಕಾರ್ಯಕ್ರಮಗಳು ಆಯಾ ದೇಶದ ಪ್ರಜೆಗಳಿಗೆ ಮಾತ್ರ ಮೀಸಲು, ಅವುಗಳ ಹಿಂದೆ ಅಲೆದು ವರ್ಷ ಕಳೆದುಕೊಳ್ಳಬೇಡಿ.

ಅರ್ಜಿಯಲ್ಲಿ "ಸೇವಾ ಮನೋಭಾವ" ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. "ಮೂರು ತಿಂಗಳು 400 ಮನೆಗಳ ಊರಿನ ನೀರು ಸರಬರಾಜನ್ನು ದಿನವೂ ಅಳೆದು, ಕೊನೆಯ ಕೇರಿಗೆ ನೀರು ತಲುಪದಿರಲು ಎರಡು ವಾಲ್ವುಗಳು ಕಾರಣವೆಂದು ಗುರುತಿಸಿದೆ" ಎಂಬಂಥ ವಾಕ್ಯ ಬರೆಯಿರಿ, ಅದು ನಿಜವಾಗಿ ಮಾಡಿದ ಕೆಲಸವಾಗಿರಲಿ. ಇಂಗ್ಲಿಷಿನ ಜೊತೆ ಇನ್ನೊಂದು ಭಾಷೆ ಬೇಕು: ಪಶ್ಚಿಮ ಆಫ್ರಿಕಾದ ಬಹುಭಾಗಕ್ಕೆ ಫ್ರೆಂಚ್, ಮೊಜಾಂಬಿಕ್‌ಗೆ ಪೋರ್ಚುಗೀಸ್, ತಾಂಜಾನಿಯಾಕ್ಕೆ ಸ್ವಾಹಿಲಿ.

ಹಣ ಕೇಳುವವರ ಬಗ್ಗೆ ಎಚ್ಚರವಿರಲಿ. ವಿಶ್ವಸಂಸ್ಥೆ ನೇಮಕಾತಿಯ ಯಾವ ಹಂತದಲ್ಲೂ ಶುಲ್ಕ ಕೇಳುವುದಿಲ್ಲ. ವೀಸಾ ಠೇವಣಿ, ತರಬೇತಿ ಶುಲ್ಕ ಎಂದು ಯಾರಾದರೂ ಕೇಳಿದರೆ ಅದು ಮೋಸವೆಂದೇ ತಿಳಿಯಿರಿ. ಹಣ ಕಟ್ಟಿಸಿಕೊಂಡು ಎರಡು ವಾರ ಶಾಲೆಗೆ ಬಣ್ಣ ಬಳಿಸುವ ಪ್ರವಾಸಗಳು ಮೋಸವಲ್ಲದಿರಬಹುದು, ಆದರೆ ಆ ಕೆಲಸಕ್ಕೆ ಅಲ್ಲಿನ ಊರಿನಲ್ಲೇ ಬಣ್ಣ ಬಳಿಯುವವರಿದ್ದಾರೆ, ಅವರ ಕೂಲಿ ತಪ್ಪಿಸುವುದು ನಮಗೆ ಬೇಡ.

ಪದವಿ ಪತ್ರಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್ (ಹೊರದೇಶಗಳಲ್ಲಿ ಒಪ್ಪುವ ದೃಢೀಕರಣ) ಬೇಕಾಗಬಹುದು, ಬೇಗ ಮಾಡಿಸಿ. ಹಳದಿ ಜ್ವರವಿರುವ ದೇಶಗಳಿಗೆ ಹೋಗುವವರು ಕನಿಷ್ಠ 10 ದಿನ ಮೊದಲು ಅಧಿಕೃತ ಕೇಂದ್ರದಲ್ಲಿ ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರವನ್ನು ಪಾಸ್‌ಪೋರ್ಟಿನ ಜೊತೆಗೇ ಇಡಬೇಕು. ಅದಿಲ್ಲದೆ ಮರಳಿದರೆ ಭಾರತದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ತಂದೆತಾಯಿಗೆ ಭತ್ಯೆ ಎಷ್ಟು, ವಿಮೆ ಏನು, ಅವಧಿ ಎಷ್ಟು ಎಂಬುದನ್ನು ಕಾಗದದ ಮೇಲೆ ಬರೆದು ತೋರಿಸಿ. ಓದಿಗೆ ಸಾಲ ಮಾಡಿರುವ ಮನೆಯವರಾದರೆ ಕಂತಿನ ವ್ಯವಸ್ಥೆ ಮಾಡದೆ ಹೊರಡಬೇಡಿ, ಇನ್ನೆರಡು ವರ್ಷ ದುಡಿದು ಹೋದರೂ ಅಲ್ಲಿ ಕೆಲಸ ಇದ್ದೇ ಇರುತ್ತದೆ.

ತಲುಪಿದ ಮೇಲೆ ಮೊದಲ ತಿಂಗಳು ಹೊಸದೇನನ್ನೂ ಕಟ್ಟಬೇಡಿ. ಹಿಂದಿನವರು ಹಾಕಿಹೋದವುಗಳಲ್ಲಿ ನಡೆಯುತ್ತಿರುವುದೆಷ್ಟು, ನಿಂತಿರುವುದೆಷ್ಟು ಎಂದು ಎಣಿಸಿ, ಅಲ್ಲಿನ ಮೆಕ್ಯಾನಿಕ್ಕನ್ನು ಹುಡುಕಿ ಅವನ ಕೈಕೆಳಗೆ ಕೆಲಸ ಕಲಿಯಿರಿ. ಮುಗಿಸಿ ಹೊರಡುವ ಮೂರು ತಿಂಗಳ ಮೊದಲೇ ದುರಸ್ತಿಯನ್ನು ಊರಿನವರ ಕೈಯಿಂದ ಮಾಡಿಸಿ, ನೀವು ಸ್ಪ್ಯಾನರ್ ಮುಟ್ಟದೆ ಪಕ್ಕದಲ್ಲಿ ನಿಲ್ಲಿ. ಬಿಡಿಭಾಗ ಸಿಗುವ ಅಂಗಡಿಯ ಹೆಸರು, ಫೋನ್ ನಂಬರು, ಫ್ಯೂಸಿನ ಆಂಪಿಯರ್, ವಾಷರಿನ ಅಳತೆಗಳನ್ನು ಅಲ್ಲಿನ ಭಾಷೆಯಲ್ಲಿ ಪ್ಯಾನೆಲ್ ಬೋರ್ಡಿನ ಬಾಗಿಲ ಒಳಮೈಗೆ ಪೇಂಟಿನಲ್ಲಿ ಬರೆಸಿ, ಎರಡು ಫ್ಯೂಸುಗಳನ್ನು ಅಲ್ಲೇ ಟೇಪು ಹಾಕಿ ಅಂಟಿಸಿ.