ಕೊರಳೆಲುಬು ಮುರಿದ ಮೇಲೆ ಮತ್ತೆ ಬಂಡೆ ಏರುವುದು ಹೇಗೆ?

ಬಂಡೆ ಹತ್ತುವವರಿಗೆ ಬೀಳುವುದು ಹೊಸತಲ್ಲ. ಆದರೆ ಬೀಳುವಾಗ ಭುಜ ಮೊದಲು ನೆಲಕ್ಕೆ ತಾಗಿದರೆ ಪೆಟ್ಟೆಲ್ಲ ಹೋಗಿ ಕೂರುವುದು ಕೊರಳೆಲುಬಿನ (ಕಾಲರ್ ಬೋನ್) ಮೇಲೆ. ತೋಳಿಗೂ ಎದೆಗೂಡಿಗೂ ನಡುವೆ ಮೂಳೆಯ ಕೊಂಡಿ ಎಂದಿರುವುದು ಇದೊಂದೇ. ಉಳಿದದ್ದೆಲ್ಲ ಸ್ನಾಯುಗಳ ಹಿಡಿತ. ಹೆಚ್ಚಾಗಿ ಇದು ನಡುಭಾಗದಲ್ಲೇ ಮುರಿಯುತ್ತದೆ. ಆಗ ಕತ್ತಿನ ಸ್ನಾಯು ಒಳತುಂಡನ್ನು ಮೇಲಕ್ಕೆಳೆಯುತ್ತದೆ, ತೋಳಿನ ಭಾರ ಹೊರತುಂಡನ್ನು ಕೆಳಕ್ಕೆ ಜಗ್ಗುತ್ತದೆ. ಚರ್ಮದಡಿ ಉಬ್ಬು ಕಾಣುವುದು ಅದಕ್ಕೇ.

ಬಹುಪಾಲು ಮುರಿತಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಕೆಡಿಸುವವರು ಸಾಮಾನ್ಯವಾಗಿ ನಾವೇ, ಅದೂ ನೋವು ಹೋದ ಮೇಲೆ.

ಬಿದ್ದ ಕೂಡಲೇ

ತಲೆಗೆ, ಕುತ್ತಿಗೆಗೆ ಪೆಟ್ಟಾಗಿಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಆಮೇಲೆ ತೋಳಿನ ಭಾರ ಇಳಿಸಬೇಕು. ಸ್ಲಿಂಗ್ (ಕೈಯನ್ನು ಕೊರಳಿಗೆ ತೂಗುಹಾಕುವ ಪಟ್ಟಿ) ಇಲ್ಲದಿದ್ದರೆ ತೊಟ್ಟ ಅಂಗಿಯ ಕೆಳ ಅಂಚನ್ನೇ ಮೇಲಕ್ಕೆ ಮಡಚಿ, ಮುಂಗೈಯನ್ನು ಅದರೊಳಗೆ ಕೂರಿಸಿ, ಎದೆಯ ಬಳಿ ಪಿನ್ ಹಾಕಿದರೆ ಆಸ್ಪತ್ರೆ ತಲುಪುವವರೆಗೆ ಸಾಕಾಗುತ್ತದೆ. ಬೆರಳು ಜೋಮು ಹಿಡಿಯುವುದು, ಅಂಗೈ ತಣ್ಣಗಾಗುವುದು, ಉಸಿರು ಕಟ್ಟುವುದು, ಮೂಳೆಯ ತುದಿ ಚರ್ಮವನ್ನು ಒಳಗಿನಿಂದ ಒತ್ತಿ ಬಿಳಿಚಿಸುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡಬೇಡಿ. ಈ ಎಲುಬಿನ ಕೆಳಗೇ ಕೈಗೆ ಹೋಗುವ ನರಗಳೂ ರಕ್ತನಾಳಗಳೂ ಇವೆ, ಶ್ವಾಸಕೋಶದ ತುದಿಯೂ ಹತ್ತಿರದಲ್ಲೇ ಇದೆ.

ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂಬುದನ್ನು ಎಕ್ಸ್-ರೇ ನೋಡಿ ಮೂಳೆ ತಜ್ಞರು ಹೇಳುತ್ತಾರೆ. ತುಂಡುಗಳು ಪೂರ್ತಿ ಬೇರ್ಪಟ್ಟಿದ್ದರೆ, ಒಂದರ ಮೇಲೊಂದು ಸರಿದು ಎಲುಬು ಸುಮಾರು 2 ಸೆಂಟಿಮೀಟರಿಗಿಂತ ಹೆಚ್ಚು ಗಿಡ್ಡವಾಗಿದ್ದರೆ, ಪ್ಲೇಟು ಮತ್ತು ಸ್ಕ್ರೂ ಹಾಕುವ ಮಾತು ಬರುತ್ತದೆ. ನೀವು ಬಂಡೆ ಹತ್ತುವವರು, ತಲೆಯ ಮೇಲಿನ ಹಿಡಿತಕ್ಕೆ ಜೋತುಬೀಳುವವರು ಎಂಬುದನ್ನು ಆಗಲೇ ಬಾಯಿಬಿಟ್ಟು ಹೇಳಿ. ಬರೀ ‘ಆಟ ಆಡುತ್ತೇನೆ’ ಎಂದರೆ ಅವರು ಬ್ಯಾಡ್ಮಿಂಟನ್ ಎಂದುಕೊಂಡಾರು.

ಮೊದಲ ಎರಡು ವಾರ

ಇವು ನಿದ್ದೆಯಿಲ್ಲದ ದಿನಗಳು. ಅಂಗಾತ ಮಲಗಿದರೆ ಮುರಿದ ತುದಿಗಳು ಕದಲಿದಂತಾಗಿ ಜೀವ ಹೋಗುತ್ತದೆ. ಬೆನ್ನಿಗೆ ದಿಂಬುಗಳನ್ನು ಒಟ್ಟಿ ಅರ್ಧ ಕುಳಿತಂತೆ ಮಲಗಿ. ಮೊಣಕೈ ಹಿಂದಕ್ಕೆ ಜಾರದಂತೆ ಅದರಡಿ ಇನ್ನೊಂದು ದಿಂಬಿರಲಿ. ಅಂಗಿ ತೊಡುವಾಗ ನೋವಿನ ಕೈ ಮೊದಲು, ಕಳಚುವಾಗ ಅದೇ ಕೊನೆಗೆ. ನನಗೆ ಇದನ್ನು ಯಾರೂ ಹೇಳಿಕೊಡಲಿಲ್ಲ. ಮೂರು ದಿನ ಒಂದೇ ಅಂಗಿಯಲ್ಲಿದ್ದು ಕಲಿತೆ.

ಭುಜಕ್ಕೆ ವಿಶ್ರಾಂತಿ ಎಂದರೆ ಇಡೀ ಕೈಗೆ ವಿಶ್ರಾಂತಿ ಎಂದಲ್ಲ. ಬೆರಳು, ಮಣಿಕಟ್ಟು, ಮೊಣಕೈಗಳನ್ನು ದಿನಕ್ಕೆ ನಾಲ್ಕೈದು ಸಲ ಪೂರ್ತಿ ಮಡಚಿ ಬಿಡಿಸಿ. ಧೂಮಪಾನ ಮಾಡುವವರಲ್ಲಿ ಮೂಳೆ ಕೂಡುವುದು ತಡವಾಗುತ್ತದೆ. ಬಿಡಲು ಇದಕ್ಕಿಂತ ಒಳ್ಳೆಯ ನೆಪ ಸಿಗದು.

ಆರನೆಯ ವಾರದವರೆಗೆ

ನೋವು ತಗ್ಗಿ, ವೈದ್ಯರು ಹೂಂ ಎಂದ ಮೇಲೆ ಲೋಲಕದ ವ್ಯಾಯಾಮ ಶುರು. ಸರಿಯಿರುವ ಕೈಯನ್ನು ಮೇಜಿನ ಮೇಲೂರಿ ಮುಂದಕ್ಕೆ ಬಾಗಿ, ಇನ್ನೊಂದು ತೋಳನ್ನು ಸಡಿಲವಾಗಿ ಇಳಿಬಿಡಿ. ತೂಗಬೇಕಾದದ್ದು ಮೈ, ತೋಳು ಅದರ ಹಿಂದೆ ತಾನೇ ಬರುತ್ತದೆ. ಆಮೇಲೆ ಬರುವುದು ಬೆರಳುಗಳ ಗೋಡೆ ನಡಿಗೆ. ಗೋಡೆಯೆದುರು ನಿಂತು ಎರಡು ಬೆರಳುಗಳನ್ನು ಜೇಡದಂತೆ ಮೇಲಕ್ಕೆ ನಡೆಸಿ, ತಲುಪಿದಲ್ಲಿಗೆ ಪೆನ್ಸಿಲ್ ಗೆರೆ ಹಾಕಿ. ಬಂಡೆಯ ನೆತ್ತಿ ಮುಟ್ಟಿದವರಿಗೆ ಎದೆಮಟ್ಟದ ಗೆರೆಯೊಂದು ಅರ್ಧ ಇಂಚು ಮೇಲೇರಿದ್ದಕ್ಕೆ ಹಿಗ್ಗುವ ದಿನವೂ ಬರುತ್ತದೆ. ಭುಜದ ಮಟ್ಟಕ್ಕಿಂತ ಮೇಲೆ ಮಾತ್ರ ಈಗಲೇ ಬೇಡ, ಚಹಾದ ಲೋಟಕ್ಕಿಂತ ಭಾರವಾದದ್ದೂ ಬೇಡ.

ಇಷ್ಟರಲ್ಲಿ ಉಳಿದ ಮೈಗೆ ಕೆಲಸ ಕೊಡಿ: ಕಾಲು, ಸೊಂಟ, ಸರಿಯಿರುವ ಕೈಯ ಬೆರಳುಗಳು. ಒಂದು ಕೈಗೆ ವ್ಯಾಯಾಮ ಕೊಟ್ಟರೆ ಇನ್ನೊಂದರ ಬಲ ಕುಂದುವುದು ಕೊಂಚ ತಗ್ಗುತ್ತದೆ. ಅದು ನರಮಂಡಲದ ಉಪಕಾರ.

ಆರರಿಂದ ಹನ್ನೆರಡು: ಅಪಾಯದ ವಾರಗಳು

ನೋವಿಲ್ಲ, ಸ್ಲಿಂಗ್ ಇಲ್ಲ, ಕೈ ಮೇಲೇರುತ್ತಿದೆ. ಗೆಳೆಯರು ಹಗ್ಗ ಹೊತ್ತು ಹೊರಟಿದ್ದಾರೆ. ಆದರೆ ಮುರಿದ ಜಾಗದಲ್ಲಿ ಕಟ್ಟಿಕೊಂಡಿರುವ ಹೊಸ ಮೂಳೆ ಇನ್ನೂ ಗಟ್ಟಿಯಾಗಿಲ್ಲ; ದೊಡ್ಡವರಲ್ಲಿ ಅದು ಕೂಡಿಕೊಳ್ಳಲೇ 6ರಿಂದ 12 ವಾರ ಬೇಕು, ಪೂರ್ತಿ ಬಲಗೊಳ್ಳಲು ಇನ್ನೂ ತಿಂಗಳುಗಳು. ಪ್ಲೇಟು ಹಾಕಿಸಿಕೊಂಡವರು ಹೆಚ್ಚು ಮೋಸ ಹೋಗುತ್ತಾರೆ: ಲೋಹ ತುಂಡುಗಳನ್ನು ಹಿಡಿದಿಟ್ಟಿರುವುದನ್ನೇ ಮೂಳೆ ಕೂಡಿದೆ ಎಂದುಕೊಳ್ಳುತ್ತಾರೆ. ಈ ವಾರಗಳಲ್ಲಿ ರಬ್ಬರ್ ಪಟ್ಟಿ ಎಳೆಯಿರಿ, ಬೆನ್ನಿನ ರೆಕ್ಕೆ ಮೂಳೆಗಳನ್ನು ಹಿಂದಕ್ಕೆ ಸೇರಿಸಿ ಹಿಡಿಯುವುದನ್ನು ರೂಢಿಸಿಕೊಳ್ಳಿ, ಗೋಡೆಗೆ ಕೈಯೂರಿ ದಂಡ ಹೊಡೆಯಿರಿ. ಗೆಳೆಯರಿಗೆ ಬಿಲೇ ಮಾಡಿಕೊಡುವ, ಎಂದರೆ ಹತ್ತುವವರು ಬಿದ್ದರೆ ತಡೆಯಲು ಕೆಳಗೆ ನಿಂತು ಹಗ್ಗ ಹಿಡಿಯುವ ಆಸೆಯೂ ಸದ್ಯಕ್ಕೆ ಬದಿಗಿರಲಿ. ಅದಕ್ಕೆ ನೆಚ್ಚಬಹುದಾದ ಎರಡು ಕೈ ಬೇಕು. ಹಗ್ಗದ ಇನ್ನೊಂದು ತುದಿಯಲ್ಲಿರುವುದು ಇನ್ನೊಬ್ಬರ ಜೀವ.

ಮತ್ತೆ ಬಂಡೆಗೆ

ಎಕ್ಸ್-ರೇಯಲ್ಲಿ ಮೂಳೆ ಕೂಡಿರಬೇಕು. ಮುರಿದ ಜಾಗವನ್ನು ಬೆರಳಿನಿಂದ ಒತ್ತಿದರೆ ನೋಯಬಾರದು. ಎರಡೂ ಕೈ ಒಂದೇ ಸಮ ಮೇಲೇರಬೇಕು, ಬಲದಲ್ಲೂ ಹೆಚ್ಚಿನ ಅಂತರ ಇರಬಾರದು. ಹಲವರಿಗೆ ಇದು ಮೂರು ನಾಲ್ಕು ತಿಂಗಳ ಮಾತು.

ಮೊದಲು ಟಾಪ್ ರೋಪ್ (ಮೇಲೆ ಮೊದಲೇ ಬಿಗಿದ ಹಗ್ಗದ ಆಸರೆಯಲ್ಲಿ ಹತ್ತುವುದು), ಅದೂ ಕಾಲಿನ ಮೇಲೆ ನಿಂತು ಹತ್ತಬಹುದಾದ ಇಳಿಜಾರು ಬಂಡೆ. ಮುಂದಕ್ಕೆ ಚಾಚಿದ ಗೋಡೆ, ಹಾರಿ ಹಿಡಿಯುವ ಹಿಡಿತ, ಮುಚ್ಚಿದ ಬಾಗಿಲನ್ನು ಎರಡೂ ಕಡೆಗೆ ಸರಿಸುವಂತೆ ಮೊಣಕೈ ಹೊರಚಾಚಿ ಒತ್ತುವ ಹಿಡಿತ, ಎಲ್ಲವೂ ಆಮೇಲೆ. ಲೀಡ್ (ಹಗ್ಗವನ್ನು ಕೆಳಗಿನಿಂದ ತಾನೇ ಒಯ್ದು ಅಲ್ಲಲ್ಲಿ ಸಿಕ್ಕಿಸುತ್ತ ಹತ್ತುವುದು) ಇನ್ನೂ ಆಮೇಲೆ. ನನ್ನ ಮಟ್ಟಿಗೆ ಬೌಲ್ಡರಿಂಗ್ (ಹಗ್ಗವಿಲ್ಲದೆ ಹತ್ತುವುದು) ಎಲ್ಲಕ್ಕಿಂತ ಕೊನೆಗೆ: ಗೋಡೆ ಗಿಡ್ಡ ನಿಜ, ಆದರೆ ಪ್ರತಿ ಬೀಳುವಿಕೆಯೂ ನೆಲಕ್ಕೇ. ಮರಳುವ ಮುನ್ನ ತಗ್ಗಿನಿಂದ ಜಿಗಿದು, ಮಂಡಿ ಬಾಗಿಸಿ, ಕೈಗಳನ್ನು ಎದೆಗೆ ತಂದುಕೊಂಡು ಬೆನ್ನಿನ ಮೇಲೆ ಉರುಳುವುದನ್ನು ಮ್ಯಾಟಿನ ಮೇಲೆ ಕಲಿತುಕೊಳ್ಳಿ. ನೆಲಕ್ಕೆ ಕೈಚಾಚುವ ಚಪಲವನ್ನು ಮೈ ಮರೆಯಬೇಕು.

ಬೆನ್ನುಚೀಲದ ಪಟ್ಟಿ ಸರಿಯಾಗಿ ಆ ಉಬ್ಬಿನ ಮೇಲೇ ಕೂರುತ್ತದೆ. ಕೆಲವು ತಿಂಗಳು ಭಾರವೆಲ್ಲ ಸೊಂಟದ ಪಟ್ಟಿಗೆ ಹೋಗಲಿ, ಹಗ್ಗದ ಸುರುಳಿಯನ್ನು ಇನ್ನೊಬ್ಬರು ಹೊರಲಿ. ಪಟ್ಟಿ ಉಜ್ಜುತ್ತದೆಂದೇ ಪ್ಲೇಟು ತೆಗೆಸುವವರಿದ್ದಾರೆ. ತೆಗೆದ ಮೇಲೆ ಸ್ಕ್ರೂ ಕೊರೆದ ತೂತುಗಳು ತುಂಬಿಕೊಳ್ಳುವವರೆಗೆ ಎಲುಬು ಮತ್ತೆ ದುರ್ಬಲವಾಗಿರುತ್ತದೆ. ಹತ್ತುವ ಋತು ಮುಗಿದ ಮೇಲೆ ಆ ದಿನ ಗೊತ್ತು ಮಾಡಿಕೊಳ್ಳುವುದು ಜಾಣತನ.