ಪಿಎಚ್ 8.3 ಇದ್ದ ಹೊಸ ಜಾಗದಲ್ಲಿ ಕೈತೋಟ: ನನ್ನ ಅನುಭವ

ಹೊಸ ಜಾಗದಲ್ಲಿ ನೆಟ್ಟ ಗಿಡಗಳಲ್ಲಿ ಮೊದಲು ಬಣ್ಣಗೆಟ್ಟಿದ್ದು ದಾಸವಾಳ. ಚಿಗುರೆಲೆ ಹಳದಿ, ನರಗಳು ಮಾತ್ರ ಹಸಿರು. ಕೆಳಗಿನ ಹಳೆಯ ಎಲೆಗಳು ಚೆನ್ನಾಗಿಯೇ ಇದ್ದವು. ಸಾರಜನಕ ಸಾಲದಿದ್ದರೆ ಇದರ ಉಲ್ಟಾ ಆಗುತ್ತದೆ, ಹಳೆಯ ಎಲೆಯೇ ಮೊದಲು ಹಳದಿಯಾಗುತ್ತದೆ. ಹಾಗಾಗಿ ಇದು ಕಬ್ಬಿಣದ ಕೊರತೆ ಅನ್ನಿಸಿತು. ಮಣ್ಣಿನಲ್ಲಿ ಕಬ್ಬಿಣವೇ ಇಲ್ಲ ಅಂತಲ್ಲ. ಪಿಎಚ್ ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆ ಇದ್ದರೆ ಹುಳಿ, ಹೆಚ್ಚಿದ್ದರೆ ಕ್ಷಾರ. ಅದು ಜಾಸ್ತಿ ಇದ್ದರೆ ಕಬ್ಬಿಣ ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ. ಸತು, ಮ್ಯಾಂಗನೀಸ್, ರಂಜಕದ ಕಥೆಯೂ ಹೆಚ್ಚುಕಡಿಮೆ ಅದೇ.

ಬೇರೆ ಬೇರೆ ಕಡೆ 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು ಪರೀಕ್ಷೆ ಮಾಡಿಸಿದೆ. ಎಲ್ಲವನ್ನೂ ಒಟ್ಟಿಗೆ ಬೆರೆಸಲಿಲ್ಲ. ಬೇಲಿ ಪಕ್ಕದ್ದು ಬೇರೆ, ಹಿಂಬದಿಯದ್ದು ಬೇರೆ. ಬೇಲಿ ಕಡೆ 8.3, ಹಿಂಬದಿ 7.5 ಬಂತು. ಅಂಕಿ ನೋಡಿದರೇ ಅರ್ಧ ಉತ್ತರ ಸಿಗುತ್ತದೆ. ಸುಣ್ಣದ ಅಂಶ ತುಂಬಿದ ಮಣ್ಣು ಸಾಮಾನ್ಯವಾಗಿ 8.4ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. 8.5 ದಾಟಿತು ಅಂದರೆ ಸೋಡಿಯಂ ಮೇಲೆ ಅನುಮಾನ ಪಡಬೇಕು. ಅದು ಚೌಳು ಮಣ್ಣು, ಅದಕ್ಕೆ ಜಿಪ್ಸಂ ಬೇಕು. ಸುಣ್ಣದ ಮಣ್ಣಿಗೆ ಜಿಪ್ಸಂ ಹಾಕಿದರೆ ಪಿಎಚ್ ಇಳಿಯುವುದಿಲ್ಲ. ಯಾರೋ ಹೇಳಿದರು ಅಂತ ಸುಮ್ನೆ ಹಾಕುವವರು ತುಂಬಾ ಜನ ಇದ್ದಾರೆ.

ಸುಣ್ಣ ಇದೆಯಾ ಅಂತ ನೋಡಲು ವಿನೆಗರ್ ಸಾಕು. ಒಂದು ಚಮಚ ಮಣ್ಣನ್ನು ಮೊದಲು ನೀರಿನಲ್ಲಿ ನೆನೆಸಬೇಕು. ಒಣ ಮಣ್ಣಿಗೆ ಏನು ಸುರಿದರೂ ಒಳಗಿನ ಗಾಳಿ ಗುಳ್ಳೆಯಾಗಿ ಬಂದು ದಾರಿ ತಪ್ಪಿಸುತ್ತದೆ. ಆಮೇಲೆ ವಿನೆಗರ್ ಹನಿಸಿ ಕಿವಿ ಹತ್ತಿರ ಹಿಡಿದೆ. ಬೇಲಿ ಕಡೆಯ ಮಣ್ಣು ಚುರ್ ಅಂತ ನೊರೆ ಎಬ್ಬಿಸಿತು. ಹಿಂಬದಿಯ ಮಣ್ಣು ಮಿಸುಕಲೇ ಇಲ್ಲ.

ಬೇಲಿ ಕಡೆ ಅಗೆದು ನೋಡಿದರೆ ಮಣ್ಣಿನ ಜೊತೆ ಗಾರೆಯ ಚೂರು, ಸಿಮೆಂಟ್ ಹೆಂಟೆ. ಕಟ್ಟಡ ಕೆಲಸದ ಕಸವನ್ನೆಲ್ಲ ಅಲ್ಲೇ ಹೂತಿದ್ದರು. ಕೈಗೆ ಸಿಕ್ಕಿದ್ದನ್ನೆಲ್ಲ ಜರಡಿ ಹಿಡಿದು ತೆಗೆದೆ, ಆದರೆ ಪುಡಿಯಾಗಿ ಬೆರೆತಿದ್ದನ್ನು ತೆಗೆಯಲು ಆಗುತ್ತದಾ?

ಪಿಎಚ್ ಇಳಿಸಲು ಅಲ್ಲಿಗೆ ಗಂಧಕ ಹಾಕೋಣ ಅಂದರೆ ಲೆಕ್ಕವೇ ಹೊಂದುವುದಿಲ್ಲ. ಒಂದು ಕಿಲೋ ಗಂಧಕ ಸುಮಾರು ಮೂರು ಕಿಲೋ ಸುಣ್ಣದ ಕಲ್ಲಿನಷ್ಟನ್ನು ಮಾತ್ರ ಕರಗಿಸುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ 15 ಸೆಂ.ಮೀ. ಆಳಕ್ಕೆ ಸುಮಾರು 200 ಕಿಲೋ ಮಣ್ಣು ಇರುತ್ತದೆ. ಅದರಲ್ಲಿ ನೂರಕ್ಕೆ ಐದು ಪಾಲು ಸುಣ್ಣ ಇದೆ ಅಂದುಕೊಂಡರೂ 10 ಕಿಲೋ ಆಯಿತು. ಅದು ಕರಗುವವರೆಗೂ ಪಿಎಚ್ ಜಗ್ಗುವುದಿಲ್ಲ. ಅಂದರೆ ಚದರ ಮೀಟರಿಗೆ ಮೂರು ಕಿಲೋಗೂ ಹೆಚ್ಚು ಗಂಧಕ ಬೇಕು! ಗಿಡ ಅದಕ್ಕಿಂತ ಮೊದಲೇ ಸಾಯುತ್ತದೆ.

ಹಿಂಬದಿಯಲ್ಲಿ ಮಾತ್ರ ಗಂಧಕ ಬಳಸಿದೆ. ನೊರೆ ಬರದ ಸಾಧಾರಣ ಮಣ್ಣಿನಲ್ಲಿ 7.5ರಿಂದ 6.5ಕ್ಕೆ ಇಳಿಸಲು ಚದರ ಮೀಟರಿಗೆ 70 ಗ್ರಾಂ ಆಸುಪಾಸು ಸಾಕು, ಜೇಡಿ ಮಣ್ಣಾದರೆ ಇನ್ನೂ ಸ್ವಲ್ಪ. ಪುಡಿಯನ್ನು ಮೇಲೆ ಉದುರಿಸದೆ ಮಣ್ಣಿನಲ್ಲಿ ಬೆರೆಸಿದೆ. ಗಂಧಕವನ್ನು ಆಮ್ಲ ಮಾಡುವುದು ಮಣ್ಣಿನ ಬ್ಯಾಕ್ಟೀರಿಯಾ. ಅವಕ್ಕೆ ಬಿಸುಪು, ತೇವ, ಗಾಳಿ ಮೂರೂ ಬೇಕು. ಅದಕ್ಕೇ ಕೆಲಸ ತಿಂಗಳುಗಟ್ಟಲೆ ಎಳೆಯುತ್ತದೆ. ನಡುವೆ ಅವಸರಪಟ್ಟು ಇನ್ನೊಂದು ಸಲ ಹಾಕಬಾರದು.

ಬೇಲಿ ಕಡೆ ಪಿಎಚ್ ಇಳಿಸುವ ಆಸೆಯನ್ನೇ ಬಿಟ್ಟೆ. ಅಲ್ಲಿ ಪಾಲಕ್, ಬೀಟ್‌ರೂಟ್, ದಾಳಿಂಬೆ, ಅಂಜೂರ ಹಾಕಿದೆ. ಇವು ಸುಣ್ಣವನ್ನು ಸಹಿಸಿಕೊಳ್ಳುತ್ತವೆ. ಹುಳಿ ಮಣ್ಣೇ ಬೇಕು ಅನ್ನುವ ಗಿಡಗಳಿಗೆ ದೊಡ್ಡ ಕುಂಡವೇ ವಾಸಿ. ಏರುಮಡಿ ಕಟ್ಟುವವರು ಸಿಮೆಂಟ್ ಗಾರೆ ಬಳಸಬೇಡಿ, ಅದರಿಂದಲೂ ಸುಣ್ಣ ಇಳಿಯುತ್ತದೆ. ನಾನು ಹಲಗೆ ನಿಲ್ಲಿಸಿದೆ.

ದಾಸವಾಳವನ್ನು ಕೀಳಲು ಮನಸ್ಸಾಗಲಿಲ್ಲ. ಅದಕ್ಕೆ ಕಬ್ಬಿಣದ ಚೀಲೇಟ್ ಕೊಟ್ಟೆ, ಅಂದರೆ ಬೇರಿಗೆ ಸಿಗುವಂತೆ ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲೇ ಹಿಡಿದಿಡುವ ಗೊಬ್ಬರ. ಇಲ್ಲಿ ಲೇಬಲ್ ಓದಲೇಬೇಕು. ಇಡಿಟಿಎ ರೂಪದ್ದು ಇಷ್ಟು ಪಿಎಚ್‌ನಲ್ಲಿ ನಿಲ್ಲುವುದಿಲ್ಲ, ಇಡಿಡಿಎಚ್‌ಎ ರೂಪದ್ದು ನಿಲ್ಲುತ್ತದೆ. ನೀರಿಗೆ ಹಾಕಿದರೆ ಕಡುಕೆಂಪು ಬಣ್ಣ ಬಿಡುತ್ತದೆ. ಅದನ್ನು ಬುಡಕ್ಕೆ ಹೊಯ್ದೆ. ಆಮೇಲೆ ಬಂದ ಚಿಗುರು ಹಸಿರಾಗಿಯೇ ಬಂತು, ಮೊದಲೇ ಹಳದಿಯಾಗಿದ್ದ ಎಲೆಗಳು ಮಾತ್ರ ಅಷ್ಟೇನೂ ಸುಧಾರಿಸಲಿಲ್ಲ. ಸುಣ್ಣ ಅಲ್ಲೇ ಇರುವುದರಿಂದ ಚೀಲೇಟನ್ನು ಆಗಾಗ ಕೊಡುತ್ತಲೇ ಇರಬೇಕು.

ನೀರನ್ನೂ ಪರೀಕ್ಷೆ ಮಾಡಿಸಿ. ಗಡಸು ನೀರಿನ ಬೈಕಾರ್ಬನೇಟ್ ಪ್ರತಿ ಸಲ ನೀರುಣಿಸಿದಾಗಲೂ ಪಿಎಚ್ ಮೇಲೆ ತಳ್ಳುತ್ತದೆ, ಗಂಧಕ ಮಾಡಿದ ಕೆಲಸವನ್ನು ಹಾಳು ಮಾಡುತ್ತದೆ. ಕುಂಡಗಳಿಗೆ ನಾನು ಹಿಡಿದಿಟ್ಟ ಮಳೆನೀರೇ ಹಾಕುತ್ತೇನೆ. ಒಲೆಯ ಬೂದಿಯನ್ನಂತೂ ಈ ಜಾಗದ ಹತ್ತಿರವೂ ತರುವುದಿಲ್ಲ, ಅದೂ ಪಿಎಚ್ ಏರಿಸುವಂಥದ್ದೇ ಅಲ್ವಾ. ಕಾಂಪೋಸ್ಟ್ ಮಾತ್ರ ಎರಡೂ ಕಡೆ ಧಾರಾಳವಾಗಿ ಹಾಕುತ್ತಿದ್ದೇನೆ.