ಮಂಗಳವಾರ, ಮಂಜು, ಟೀ ಗಾರ್ಡನ್: ನನ್ನ ಅನುಭವ

ಕೊನೆಗೂ ಆ ಫೋಟೋ ಸಿಕ್ಕಿತು. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನಲ್ಲಿರುವ ಜಪಾನೀಸ್ ಟೀ ಗಾರ್ಡನ್ (ಚಹಾ ಬೆಳೆಯುವ ತೋಟವಲ್ಲ, ಜಪಾನೀ ಶೈಲಿಯ ಉದ್ಯಾನ), ಅದರಲ್ಲಿ ಡ್ರಮ್ ಬ್ರಿಡ್ಜ್ ಅನ್ನುವ ಅರ್ಧ ವೃತ್ತದ ಕಮಾನು ಸೇತುವೆ, ಮೇಲೆ ಒಂದು ನರಪಿಳ್ಳೆಯೂ ಇಲ್ಲ. ಕೆಳಗೆ ನೀರಿನಲ್ಲಿ ಅದರ ಬಿಂಬ. ಎರಡೂ ಸೇರಿ ಹೆಚ್ಚುಕಡಿಮೆ ಒಂದು ಪೂರ್ತಿ ಗುಂಡು. ಎಡಿಟ್ ಮಾಡಿ ಜನರನ್ನು ಅಳಿಸಿದ್ದಲ್ಲ, ಕ್ಯಾಮೆರಾದಲ್ಲೇ ಹಾಗೆ ಬಂದಿದ್ದು. ಜೊತೆಗೆ ಅಮ್ಮನಿಗೆ ಆ ತೋಟದಲ್ಲಿ ಒಂದು ಗಂಟೆ ನೆಮ್ಮದಿಯಾಗಿ ಕೂರುವುದಕ್ಕೂ ಆಯಿತು.

ಇದನ್ನು ಬರೆಯೋಕೆ ಕಾರಣ ಇದೆ. ನಮ್ಮ ಫೋಟೋ ಗೆಳೆಯರೆಲ್ಲ ಆಗಲ್ಲ ಅಂತಲೇ ಹೇಳಿದ್ದರು. "ಏನ್ ಮಾರಾಯ, ಜುಲೈ ತಿಂಗಳಲ್ಲಿ, ಅದೂ ದುಡ್ಡು ಕೊಟ್ಟು ಮಂಜು ನೋಡೋಕೆ ಹೋಗ್ತೀಯಾ?" ಅಂತ ಒಬ್ಬ ಕೇಳಿದ. ಅಲ್ಲಿಗೆ ಹೋಗುವುದಾದರೆ ಮಾರ್ಚ್ ಕೊನೆಯಲ್ಲಿ ಚೆರ್ರಿ ಹೂವಿಗೆ ಹೋಗಬೇಕು, ಇಲ್ಲಾ ನವೆಂಬರ್ ಹೊತ್ತಿಗೆ ಮೇಪಲ್ ಎಲೆ ಕೆಂಪಾದಾಗ ಹೋಗಬೇಕು, ಅದೂ ಬಿಸಿಲು ಬಿದ್ದ ದಿನ. ಎಲ್ಲರೂ ಹೇಳುವುದು ಇದನ್ನೇ. ನಾನೂ ಮೊದಲು ಅದನ್ನೇ ಮಾಡಿದೆ. ನಾಲ್ಕು ಸಲ ಹೋದೆ, ನಾಲ್ಕು ಸಲವೂ ಕೆಟ್ಟಿತು.

ಮೊದಲನೇ ಸಲ ಚೆರ್ರಿ ಹೂವಿನ ಕಾಲದ ಶನಿವಾರ. ಹೂವು ಚೆನ್ನಾಗಿತ್ತು, ಇಲ್ಲ ಅನ್ನೋಕಾಗಲ್ಲ. ಆದರೆ ಆ ತೋಟ ಇರುವುದೇ ಸುಮಾರು 5 ಎಕರೆ. ಅಷ್ಟರಲ್ಲಿ ಅಷ್ಟು ಜನ ತುಂಬಿದರೆ ನಾವು ನಡೆಯುವುದಲ್ಲ, ಹಿಂದಿನವರು ನಮ್ಮನ್ನು ನಡೆಸುತ್ತಾರೆ. ಸೇತುವೆ ಹತ್ತೋಕೆ ಸಾಲು ನಿಂತಿತ್ತು. ಅಂಡರ್‌ಗ್ರೌಂಡ್ ಪಾರ್ಕಿಂಗ್ ಗ್ಯಾರೇಜಿಗೆ ಸುಮಾರು 30 ಡಾಲರ್, ನನಗೂ ಜೊತೆಗಿದ್ದವರಿಗೂ ಟಿಕೆಟಿಗೆ ಇನ್ನೊಂದು 30 ಚಿಲ್ಲರೆ, ನಾವಿರುವ ಸನಿವೇಲ್ ಊರಿನಿಂದ ಹೋಗಿಬರೋಕೆ ಪೆಟ್ರೋಲು 18ರ ಹತ್ತಿರ. ಒಟ್ಟು 80 ಡಾಲರ್ ಕೊಟ್ಟು ನಾನು ತಂದಿದ್ದು ಬೇರೆಯವರ ಬೆನ್ನುಗಳ ಫೋಟೋ.

ಎರಡನೇ ಸಲ ಉಚಿತ ಗಂಟೆ ಹಿಡಿದೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ 10ರ ಒಳಗೆ ಹೋದರೆ ಟಿಕೆಟ್ ಇಲ್ಲ. ಆ ಊರಲ್ಲೇ ಇರುವವರಿಗೆ ವಿಳಾಸದ ಪುರಾವೆ ತೋರಿಸಿದರೆ ಯಾವಾಗಲೂ ಉಚಿತ, ನಮ್ಮಂಥ ಹೊರಗಿನವರಿಗೆ ಮಾತ್ರ ಈ ಗಂಟೆ. ಗ್ಯಾರೇಜಿನ ದುಡ್ಡನ್ನೂ ಉಳಿಸೋಣ ಅಂತ ಪಾರ್ಕಿನ ಹೊರಗೆ ರಸ್ತೆಯಲ್ಲೇ ಕಾರು ನಿಲ್ಲಿಸಿದೆ. ಅವತ್ತು ಅಲ್ಲಿ ರಸ್ತೆ ಗುಡಿಸುವ ದಿನ, ಕಾರು ನಿಲ್ಲಿಸುವ ಹಾಗಿರಲಿಲ್ಲ. ಬೋರ್ಡು ಮರದ ಮರೆಯಲ್ಲಿತ್ತು, ನಾನು ಓದಲಿಲ್ಲ. ವಾಪಸ್ ಬಂದಾಗ ಗಾಜಿನ ಮೇಲೆ ದಂಡದ ಚೀಟಿ, 90 ಡಾಲರ್ ಆಸುಪಾಸು. ಟಿಕೆಟಿನಲ್ಲಿ ಉಳಿದಿದ್ದಕ್ಕಿಂತ ಎಷ್ಟೋ ಪಟ್ಟು ಹೋಯಿತು. ಅಷ್ಟಾದರೂ ಫೋಟೋ ಬಂತಾ? ಅದೂ ಇಲ್ಲ. ಉಚಿತ ಅಂದಮೇಲೆ 9 ಗಂಟೆಗೇ ಗೇಟಿನ ಮುಂದೆ 50-60 ಜನ ಇದ್ದರು. ಬಾಗಿಲು ತೆಗೆದ ಕೂಡಲೇ ಎಲ್ಲರೂ ಸೇತುವೆಗೇ ಓಡಿದರು.

ಮೂರನೇ ಸಲ ಒಂದು ಶುಕ್ರವಾರ. ಈ ಸಲ ಜನರನ್ನು ಸಾಫ್ಟ್‌ವೇರಿನಿಂದ ತೆಗೆಯೋಣ ಅಂತ ಹೊರಟೆ. ಒಂದೇ ಜಾಗದಲ್ಲಿ ನಿಂತು ಹತ್ತು ನಿಮಿಷದಲ್ಲಿ 25-30 ಫ್ರೇಮ್ ತೆಗೆದು, ಮನೆಗೆ ಬಂದು ಮೀಡಿಯನ್ ಸ್ಟ್ಯಾಕ್ ಮಾಡಿದೆ, ಅಂದರೆ ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ಪ್ರತಿ ಬಿಂದುವಿಗೂ ಮಧ್ಯದ ಬೆಲೆ ತೆಗೆದುಕೊಳ್ಳುವುದು. ಪ್ರವಾಸಿಗಳು ನಡೆದಾಡುವ ಚೌಕದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತೆ, ನಾನೇ ಬೇರೆ ಕಡೆ ಮಾಡಿದ್ದೇನೆ. ಇಲ್ಲಿ ಮಾಡಲ್ಲ. ಕಾರಣ ಸರಳ. ಒಂದು ಜಾಗ ಅರ್ಧಕ್ಕಿಂತ ಜಾಸ್ತಿ ಫ್ರೇಮ್‌ಗಳಲ್ಲಿ ಖಾಲಿ ಇದ್ದರೆ ಮಾತ್ರ ಮೀಡಿಯನ್ ಅದನ್ನು ಖಾಲಿ ಮಾಡುತ್ತೆ. ಆ ಸೇತುವೆಯ ನೆತ್ತಿಯಲ್ಲಿ ಒಬ್ಬರು ಇಳಿಯುವ ಮೊದಲೇ ಇನ್ನೊಬ್ಬರು ಬಂದು ಸೆಲ್ಫಿಗೆ ನಿಲ್ಲುತ್ತಾರೆ. ನನ್ನ ಸ್ಟ್ಯಾಕಿನಲ್ಲಿ ಸೇತುವೆಯ ನೆತ್ತಿಯ ಮೇಲೆ ಮಸುಕಾದ ಬಣ್ಣದ ಮುದ್ದೆ ಉಳಿಯಿತು. ಗಾಳಿಗೆ ನೀರು ಅಲುಗಿ ಬಿಂಬವೂ ಕಲಸಿಹೋಗಿತ್ತು.

ನಾಲ್ಕನೇದು ನವೆಂಬರ್, ಮೇಪಲ್. ಇದರ ಬಗ್ಗೆ ಜಾಸ್ತಿ ಹೇಳಲ್ಲ, ಒಂದು ತಪ್ಪು ಮಾತ್ರ ಹೇಳುತ್ತೇನೆ. ಎಲೆಯ ಹೊಳಪು ಕಡಿಮೆ ಮಾಡಿ ಬಣ್ಣ ಗಾಢ ಆಗಲಿ ಅಂತ ಪೋಲರೈಸರ್ ಅನ್ನುವ ಹೊಳಪು ತಡೆಯುವ ಫಿಲ್ಟರ್ ಹಾಕಿದೆ, ಎಲೆ ನೋಡಿಕೊಂಡು ತಿರುಗಿಸಿದೆ. ಎಲೆ ಚೆನ್ನಾಗಿ ಬಂತು, ನೀರಿನ ಬಿಂಬ ಅರ್ಧ ಸತ್ತುಹೋಯಿತು. ಬಿಂಬಕ್ಕಾಗಿಯೇ ಹೋದವನು ಬಿಂಬವನ್ನೇ ಫಿಲ್ಟರ್ ಮಾಡಿ ಬಂದೆ. ಈಗ ಅದೇ ಫಿಲ್ಟರನ್ನು ಅಲ್ಲಿಂದ ಕಾಲು ಸುತ್ತು ಆಚೆಗೆ ತಿರುಗಿಸುತ್ತೇನೆ. ಆಗ ಬಿಂಬ ಪೂರ್ತಿ ಉಳಿಯುತ್ತೆ. ಎಲೆಯ ಹೊಳಪಿಗೆ ಬೇರೆ ಉಪಾಯ ಇದೆ, ಅದೇ ಮಂಜು.

ನಾಲ್ಕು ಸಲಕ್ಕೆ ಎಲ್ಲ ಸೇರಿ 280-300 ಡಾಲರ್ ಹೋಗಿರಬಹುದು. ಆಮೇಲೆ ಕೂತು ಯೋಚನೆ ಮಾಡಿದಾಗ ಹೊಳೆದಿದ್ದು ಇಷ್ಟೇ: ಉಚಿತ ಅನ್ನುವುದೇ ಅಲ್ಲಿ ಜನ ಸೇರಿಸುವುದು. ಹಾಗಾದರೆ ಉಚಿತ ಇಲ್ಲದ ದಿನ, ಮಂಗಳವಾರ ಅಥವಾ ಗುರುವಾರ, ಬೆಳಿಗ್ಗೆ 9ಕ್ಕೆ ಹೋಗಬೇಕು. ದುಡ್ಡು ಕೊಡುವವರು ಹೂವು, ಬಿಸಿಲು ಹುಡುಕಿಕೊಂಡು ಬರುತ್ತಾರೆ. ಹಾಗಾದರೆ ಅವೆರಡೂ ಇಲ್ಲದ ದಿನ ಹೋಗಬೇಕು.

ಅಂಥ ದಿನ ಅಂದರೆ ಜುಲೈ ಮಂಜಿನ ದಿನ. ಅಲ್ಲಿ ಜುಲೈ ಅಂದರೆ ಬೇಸಿಗೆ, ಆಗ ಒಳನಾಡಿನ ಕಣಿವೆ ಕಾದು ಬಿಸಿ ಗಾಳಿ ಮೇಲೇಳುತ್ತೆ, ಆ ಜಾಗಕ್ಕೆ ಸಮುದ್ರದ ತಣ್ಣನೆ ಗಾಳಿ ಮಂಜನ್ನು ಎಳೆದುಕೊಂಡು ನುಗ್ಗುತ್ತೆ. ಸನಿವೇಲಿನಲ್ಲಿ ಮಧ್ಯಾಹ್ನ 30 ಡಿಗ್ರಿ ಇರುವ ದಿನವೂ ಪಾರ್ಕಿನಲ್ಲಿ ಬೆಳಿಗ್ಗೆ 13-14. ನಾನು ಸಕಲೇಶಪುರದ ಕಡೆಯವನು. ಮಂಜಿನಲ್ಲಿ ಹಸಿರು ಹೇಗೆ ಕಾಣುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮಂಜಿನಲ್ಲಿ ನೆರಳು ಬೀಳಲ್ಲ. ಒದ್ದೆ ಕಲ್ಲು ಕಪ್ಪಾಗುತ್ತೆ, ಪಾಚಿ ಒಳಗಿಂದ ಉರಿದ ಹಾಗೆ ಕಾಣುತ್ತೆ, ಸೇತುವೆಯ ಮರದ ಒಂದೊಂದು ಪಟ್ಟಿಯೂ ಎದ್ದು ಬರುತ್ತೆ. ಬಿಸಿಲಿನಲ್ಲಿ ಅದೇ ಸೇತುವೆಯ ಒಂದು ಬದಿ ಬೆಳ್ಳಗೆ, ಇನ್ನೊಂದು ಬದಿ ಕಾಡಿಗೆ ಬಳಿದ ಹಾಗೆ. ಅದೂ ಅಲ್ಲದೆ ಮಂಜು ಅಲುಗದೆ ಕೂತ ಬೆಳಿಗ್ಗೆ ಗಾಳಿ ಏಳುವುದು ತಡ. ಯಾವ ದಿನ ಮಂಜು ಹಾಗೆ ಕೂರುತ್ತೆ, ಯಾವ ದಿನ ಗಾಳಿ ಜೊತೆಗೇ ಬರುತ್ತೆ ಅಂತ ಹಿಂದಿನ ರಾತ್ರಿಯೇ ಅಂದಾಜು ಮಾಡುವ ಒಂದು ಲೆಕ್ಕ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬರೆಯಲ್ಲ, ಎರಡು ಬೇಸಿಗೆ ಕಳೆದು ಕಂಡುಕೊಂಡಿದ್ದು.

ಜುಲೈ ಮಂಗಳವಾರ. ಅಮ್ಮ ಊರಿಂದ ಬಂದು ಎರಡು ತಿಂಗಳಾಗಿತ್ತು. ಮಂಡಿನೋವು ಇದೆ, ಜಾಸ್ತಿ ನಡೆಯೋಕಾಗಲ್ಲ. ಸ್ವೆಟರ್, ಮಫ್ಲರ್, ಕಾಲಿಗೆ ಶೂ ಹಾಕಿಸಿ 7 ಗಂಟೆಗೆ ಹೊರಟು, 280 ಹೆದ್ದಾರಿ ಹಿಡಿದು, ಗ್ಯಾರೇಜಿನಲ್ಲೇ ಕಾರು ಬಿಟ್ಟೆ. ಹಿರಿಯರನ್ನು ಕರೆದುಕೊಂಡು ಹೋಗುವವರು ಗ್ಯಾರೇಜಿನ ದುಡ್ಡಿಗೆ ಹಿಂದೆಮುಂದೆ ನೋಡಬೇಡಿ. ಪಾರ್ಕಿನ ದೊಡ್ಡ ರಸ್ತೆಯ ಪೂರ್ವದ ಭಾಗಕ್ಕೆ 2020ರಿಂದ ಕಾರು ಬಿಡಲ್ಲ, ದೂರದಲ್ಲಿ ನಿಲ್ಲಿಸಿದರೆ ಅವರು ಗೇಟು ಮುಟ್ಟುವಷ್ಟರಲ್ಲೇ ಸುಸ್ತು. ಲಿಫ್ಟ್ ಹತ್ತಿ ಮೇಲೆ ಬಂದರೆ ನಾಲ್ಕೈದು ನಿಮಿಷದ ನಡಿಗೆ ಅಷ್ಟೇ. ಅವತ್ತು ಪೈನ್ ಮರದ ಸೂಜಿ ಎಲೆಗಳ ತುದಿಯಿಂದ ಮಂಜು ಹನಿಹನಿಯಾಗಿ ಬೀಳುತ್ತಿತ್ತು, ಮರದ ಕೆಳಗೆ ನೆಲ ಒದ್ದೆ, ಎರಡು ಹೆಜ್ಜೆ ಆಚೆ ಒಣಗಿದ ನೆಲ. ಅಮ್ಮ ಅಂಗೈ ಚಾಚಿ ಒಂದು ಹನಿ ಹಿಡಿದು, "ನಮ್ಮನೆ ಸಿಲ್ವರ್ ಮರದ ಕೆಳಗೆ ನಿಂತಂಗೇ ಆಯ್ತು ಕಣೋ" ಅಂದರು.

ಗೇಟಿನಲ್ಲಿ ನಮ್ಮ ಮುಂದೆ ಐದು ಜನ. ಐದೇ. ಅಮ್ಮನಿಗೆ ಹಿರಿಯರ ದರ, ಎರಡೂ ಸೇರಿ 25 ಡಾಲರಿನ ಒಳಗೆ ಮುಗಿಯಿತು ಅಂತ ನೆನಪು. ಆ ಐದು ಜನ ಸೇತುವೆಗೇ ಹೋದರು. ಹೋಗಲಿ ಬಿಡಿ. ಮೊದಲ ಹದಿನೈದು ನಿಮಿಷ ಸೇತುವೆ ಅವರದ್ದು. ಈ ಹೊತ್ತನ್ನು ನಾನು ಬುದ್ಧನ ಹತ್ತಿರ ಕಳೆದೆ.

ಕಂಚಿನ ದೊಡ್ಡ ಬುದ್ಧ, 1790ರಲ್ಲಿ ಜಪಾನಿನಲ್ಲಿ ಎರಕ ಹೊಯ್ದಿದ್ದು. ಅಂದರೆ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಆಳುತ್ತಿದ್ದ ಕಾಲ. ಈ ತೋಟಕ್ಕೆ ಬಂದಿದ್ದು 1949ರಲ್ಲಿ. ಬಿಸಿಲು ಮಳೆ ಎನ್ನದೆ ಸೂರಿಲ್ಲದೆ ಕೂತವನು ಅನ್ನುವ ಅರ್ಥದ ಹೆಸರು ಅದಕ್ಕಿದೆ. ಮಂಜಿಗೆ ಅದರ ಗಲ್ಲದ ಮೇಲೆ ನೀರು ಗೆರೆಯಾಗಿ ಇಳಿದಿತ್ತು. ಅಮ್ಮ ನನ್ನ ಭುಜ ಹಿಡಿದುಕೊಂಡು ಒಂದೊಂದೇ ಶೂ ಬಿಚ್ಚಿ, ಆ ಥಂಡಿ ಕಲ್ಲಿನ ಮೇಲೆ ನಿಂತು ಕೈ ಮುಗಿದರು. ಬೇಡ, ಶೀತ ಆಗುತ್ತೆ ಅಂದೆ. ಕೇಳಲಿಲ್ಲ.

ಅಲ್ಲಿ ಕೂತೇ ಹಗಿವಾರ ಮನೆತನದ ವಿಷಯ ಹೇಳಿದೆ. 1894ರ ದೊಡ್ಡ ಮೇಳಕ್ಕೆ ಜಪಾನೀ ಹಳ್ಳಿ ಅಂತ ಮಾಡಿದ್ದು ಈ ಜಾಗ. ಮೇಳ ಮುಗಿದ ಮೇಲೆ ಮಕೋಟೊ ಹಗಿವಾರ ಅದನ್ನು ತೋಟವಾಗಿ ಬೆಳೆಸಿದರು, ಕೈಯಿಂದ ದುಡ್ಡು ಹಾಕಿದರು, 1925ರಲ್ಲಿ ಸಾಯುವತನಕ ನೋಡಿಕೊಂಡರು. ಆಮೇಲೆ ಮಗಳ ಸಂಸಾರ ಅಲ್ಲೇ ಇತ್ತು. 1942ರಲ್ಲಿ ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸರ್ಕಾರ ಜಪಾನೀ ಮೂಲದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಬಂಧನ ಕ್ಯಾಂಪುಗಳಿಗೆ ಕಳಿಸಿತಲ್ಲ, ಇವರನ್ನೂ ಎಬ್ಬಿಸಿದರು. ವಾಪಸ್ ಬಂದು ಇಲ್ಲಿ ಇರೋಕೆ ಬಿಡಲಿಲ್ಲ. ಮನೆಯನ್ನೂ ಕೆಡವಿದರು. ತೋಟದ ಹೆಸರಿನಿಂದ ಜಪಾನ್ ಅನ್ನುವುದನ್ನೇ ತೆಗೆದುಹಾಕಿದ್ದರು, 1952ರಲ್ಲಿ ಮತ್ತೆ ಸೇರಿಸಿದರು. ಅಮ್ಮ ಕಾಫಿ ತೋಟದಲ್ಲೇ ಬದುಕಿದವರು. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಗಿಡಕ್ಕೆ ಯಾರು ನೀರು ಹಾಕಿದ್ರೋ ಆಗ" ಅಂದರು.

9:25ಕ್ಕೆ ಸೇತುವೆ ಹತ್ತಿರ ಬಂದೆವು. ಮೇಲಿದ್ದವರು ಇಳಿದು ಪಗೋಡದ ಕಡೆ ಹೋಗಿದ್ದರು. ಉಚಿತ ದಿನವಾಗಿದ್ದರೆ 10ರ ಒಳಗೆ ನುಗ್ಗುವ ಕೊನೇ ಅಲೆ ಈ ಹೊತ್ತಿಗೆ ಶುರುವಾಗಿರುತ್ತಿತ್ತು. ಅವತ್ತು ಅದಿಲ್ಲ. ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿದೆ. ಆ ಸೇತುವೆ ಹತ್ತುವುದು ಏಣಿ ಹತ್ತಿದ ಹಾಗೆ, ಮಂಡಿನೋವಿನವರು ಅದರ ಆಸೆ ಬಿಡಬೇಕು. ಟ್ರೈಪಾಡ್ ತಂದಿರಲಿಲ್ಲ. ಆ ಕಿರುದಾರಿಯಲ್ಲಿ ಅದನ್ನು ಬಿಡಿಸಿದರೆ ಹತ್ತು ಜನಕ್ಕೆ ಅಡ್ಡ, ಜೊತೆಗೆ ಮಂಡಿಯೂರಿ ಕೂತರೆ ಕೈಯೇ ಸಾಕು. ಕ್ಯಾಮೆರಾ ಸೆಟ್ಟಿಂಗ್ ಇಷ್ಟು: 35 ಎಂಎಂ, ಎಫ್ 8, ಐಎಸ್‌ಒ 400, ಶಟರ್ ಸೆಕೆಂಡಿನ 125ನೇ ಒಂದು ಭಾಗದ ಆಸುಪಾಸು. ಮಂಜನ್ನು ಕ್ಯಾಮೆರಾ ಬೂದಿ ಬಣ್ಣಕ್ಕೆ ಇಳಿಸುತ್ತೆ, ಹಾಗಾಗಿ ಎಕ್ಸ್‌ಪೋಶರ್ (ಚಿತ್ರದ ಬೆಳಕು) ಮುಕ್ಕಾಲು ಸ್ಟಾಪ್ ಮೇಲಕ್ಕೆ. ಕ್ಯಾಮೆರಾವನ್ನು ನೀರಿನ ಹತ್ತಿರಕ್ಕೆ ಇಳಿಸಿದಷ್ಟೂ ಸೇತುವೆ, ಬಿಂಬ ಸೇರಿದ ಆ ವೃತ್ತ ಪೂರ್ತಿಯಾಗುತ್ತೆ. ಎಲ್ಲಿ ಕೂತೆ ಅನ್ನುವುದನ್ನು ಮಾತ್ರ ಹೇಳಲ್ಲ. ಹುಡುಕಿ, ಸಿಗುತ್ತೆ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳಿರಲಿಲ್ಲ. ಮೀನು. ಕೊಳದ ಮೀನುಗಳಿಗೆ ಮನುಷ್ಯ ಅಂದರೆ ತಿಂಡಿ. ಅಂಚಿನಲ್ಲಿ ನಿಂತರೆ ಬಾಯಿ ತೆರೆದುಕೊಂಡು ಬರುತ್ತವೆ, ನೀರೆಲ್ಲ ಅಲೆ. ಮೂರು ನಾಲ್ಕು ಅಡಿ ಹಿಂದೆ ಸರಿದು ಅಲುಗದೆ ಎರಡು ನಿಮಿಷ ಕೂತರೆ ಅವು ಬೇಸರವಾಗಿ ಹೋಗುತ್ತವೆ. ಹೋದವು. ನೀರು ಕನ್ನಡಿಯಾಯಿತು. 9:31ರಿಂದ 9:38. ಫೈಲ್‌ಗಳಲ್ಲಿ ಟೈಮ್ ಇದೆ. ಏಳು ನಿಮಿಷ ಸೇತುವೆ ಮೇಲೆ ಯಾರೂ ಇಲ್ಲ, 40 ಚಿತ್ರ ತೆಗೆದೆ, ಅದರಲ್ಲಿ ಮೂರು ನಾನು ಯಾರಿಗೆ ಬೇಕಾದರೂ ತೋರಿಸುವಂಥವು.

ಆಮೇಲೆ ಟೀ ಹೌಸ್ ತೆರೆಯಿತು. ಅಮ್ಮನಿಗೆ ಗೆನ್‌ಮೈಚಾ ಹೇಳಿದೆ, ಹುರಿದ ಅಕ್ಕಿ ಹಾಕಿದ ಹಸಿರು ಚಹಾ. ಹಾಲಿಲ್ಲ, ಸಕ್ಕರೆ ಇಲ್ಲ, ಕುಡಿಯಲ್ಲ ಅಂದುಕೊಂಡಿದ್ದೆ. ಒಂದು ಗುಟುಕು ಕುಡಿದು, "ಇದು ಅಕ್ಕಿ ಹುರಿಯೋ ವಾಸನೆ ಅಲ್ವಾ" ಅಂದರು. ಮನೆಗೆ ಬಂದ ಮೇಲೆ ನಾವೇ ಮಾಡಿ ನೋಡಿದೆವು. ಕೆಂಪಕ್ಕಿಯನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಚಹಾ ಎಲೆಯಷ್ಟೇ ಅಳತೆ ಅಕ್ಕಿ ಬೆರೆಸಿ, ಕುದಿ ಇಳಿದ ನೀರು ಹಾಕಿದ್ದು. ಮೊದಲ ಸಲ ಅಕ್ಕಿ ಸೀದು ಕಹಿಯಾಯಿತು. ಎರಡನೇ ಸಲ ನಾಲ್ಕು ಕಾಳು ಅರಳಿದ ಕೂಡಲೇ ಇಳಿಸಿದೆವು, ಅಂಗಡಿಯದ್ದಕ್ಕಿಂತ ಚೆನ್ನಾಗಿ ಬಂತು. ಪಾಚಿಯ ಪ್ರಯೋಗ ಮಾತ್ರ ಗೆಲ್ಲಲಿಲ್ಲ. ಪಾಚಿಯನ್ನು ಮಜ್ಜಿಗೆಯಲ್ಲಿ ರುಬ್ಬಿ ಕಲ್ಲಿಗೆ ಬಳಿದರೆ ಬೆಳೆಯುತ್ತೆ ಅಂತಾರಲ್ಲ, ಹಿತ್ತಿಲಲ್ಲಿ ಮೂರು ಕಲ್ಲಿಗೆ ಬಳಿದೆ. ಸನಿವೇಲಿನ ಒಣ ಬಿಸಿಲಿಗೆ ವಾರದಲ್ಲಿ ಚಕ್ಕೆ ಎದ್ದು ಉದುರಿತು. 20 ಡಾಲರಿನ ಪಾಚಿ ಹೋಯಿತು. ಮುಂದಿನ ಸಲ ಉತ್ತರದ ಗೋಡೆಯ ನೆರಳಲ್ಲಿ, ಮಜ್ಜಿಗೆ ಇಲ್ಲದೆ, ಬರೀ ಮಳೆನೀರಿನಲ್ಲಿ ಮಾಡಬೇಕು ಅಂತಿದೆ.

ಅವತ್ತಿನ ಖರ್ಚು, ಟಿಕೆಟ್, ಗ್ಯಾರೇಜು, ಪೆಟ್ರೋಲು, ಚಹಾ ಎಲ್ಲ ಸೇರಿ 75ರಿಂದ 80. ಮೊದಲನೇ ಶನಿವಾರದಷ್ಟೇ.

ಮಂಜು ನೋಡೋಕೆ ದುಡ್ಡು ಕೊಡ್ತೀಯಾ ಅಂದ ಗೆಳೆಯ ಫೋಟೋ ನೋಡಿ ಮೊದಲು ಎಡಿಟ್ ಅಂದ. ಎಡಿಟ್ ಆಗದ ಮೂಲ ಫೈಲ್, ಅಂದರೆ ರಾ ಫೈಲ್ ಕಳಿಸಿದೆ. ಮುಂದಿನ ಮಂಗಳವಾರ ನಾನೂ ಬರ್ತೀನಿ ಅಂತ ಅವತ್ತು ರಾತ್ರಿಯೇ ಮೆಸೇಜ್ ಬಂತು. ಅಮ್ಮನಿಗೆ 12 ಇಂಚು ಅಗಲದ್ದೊಂದು ಪ್ರಿಂಟ್ ಹಾಕಿಸಿ ಕೊಟ್ಟೆ. ಊರಿಗೆ ಹೊರಡುವಾಗ ಅದನ್ನು ಸುರುಳಿ ಸುತ್ತಿ, ಎರಡು ಕಾಟನ್ ಸೀರೆಗಳ ನಡುವೆ ಇಟ್ಟು ತಗೊಂಡು ಹೋದರು.